ಮೂರು ಮೀಟರ್ ಹಲಗೆ ಮೇಲೆ ಬಂಗಾರಪೇಟೆ–ಕೋಲಾರ: ಪುಟ್ಟ ರೈಲಿನ ಮಾದರಿ ಮಾಡಿ, ಓಡಿಸೋಣ
(ಗಣಿತ–ವಿಜ್ಞಾನ ಪಾಠ: 6, 7 ಮತ್ತು 8ನೇ ತರಗತಿಯವರಿಗೆ)



ನಮ್ಮ ತಾತ ಅಜ್ಜಿಯರು "ಚಿಕ್ಕ ರೈಲು" ಅಂತ ಒಂದು ಮಾತು ಹೇಳುತ್ತಾರೆ. ಅದು ಆಟದ ರೈಲಲ್ಲ. ನಿಜವಾಗಿ ಜನ ಹತ್ತಿ ಇಳಿಯುತ್ತಿದ್ದ ರೈಲು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಯಲಹಂಕದ ಕಡೆ ಹೋಗುತ್ತಿತ್ತು. ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ಯಾರೂ ಆ ಗಾಡಿ ಕಂಡವರಲ್ಲ. ಹಳಿಯೂ ಇಲ್ಲ, ಎಂಜಿನ್ನೂ ಇಲ್ಲ. ಆದರೆ ಅದರ ಅಳತೆ ಗೊತ್ತಿದೆ. ಅಳತೆ ಗೊತ್ತಿದ್ದರೆ ಸಣ್ಣದಾಗಿ ಮತ್ತೆ ಕಟ್ಟಬಹುದು. ಹೇಗೆ ಅನ್ನೋದೇ ಈ ಸಲದ ಪಾಠ.

1. ಚಿಕ್ಕ ರೈಲು ಎಷ್ಟು ಚಿಕ್ಕದು?

ಎರಡು ಹಳಿಗಳ ಒಳಅಂಚಿನ ನಡುವಿನ ಅಂತರಕ್ಕೆ "ಗೇಜು" ಅನ್ನುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸಿದ್ದು ಮೂರು ಗೇಜು:

ಬ್ರಾಡ್‌ಗೇಜು – 1,676 ಮಿ.ಮೀ. (5 ಅಡಿ 6 ಅಂಗುಲ)
ಮೀಟರ್‌ಗೇಜು – 1,000 ಮಿ.ಮೀ.
ನ್ಯಾರೋಗೇಜು – 762 ಮಿ.ಮೀ. (2 ಅಡಿ 6 ಅಂಗುಲ)

ಇದಲ್ಲದೆ ಡಾರ್ಜಿಲಿಂಗ್ ರೈಲಿನ ಹಾಗೆ 2 ಅಡಿ ಗೇಜಿನವೂ ಉಂಟು. ಕೋಲಾರದ್ದು 762 ಮಿ.ಮೀ. ಇದನ್ನು ಸುಮ್ಮನೆ ಓದಿಬಿಟ್ಟರೆ ತಲೆಗೆ ಹತ್ತುವುದಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಶಾಲೆ ಜಗುಲಿ ಮೇಲೆ 76 ಸೆಂ.ಮೀ. ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಪಕ್ಕದಲ್ಲೇ 168 ಸೆಂ.ಮೀ. ಅಂತರದಲ್ಲಿ ಇನ್ನೆರಡು ಗೆರೆ ಎಳೆಯಿರಿ. ಮೊದಲನೆಯದು ನಮ್ಮ ಕೊಠಡಿ ಬಾಗಿಲಿನಷ್ಟೂ ಅಗಲವಿಲ್ಲ. ಎರಡನೆಯದು ದೊಡ್ಡವರೊಬ್ಬರ ಎತ್ತರದಷ್ಟಿದೆ.

ಅಷ್ಟು ಸಣ್ಣದಾಗಿ ಯಾಕೆ ಮಾಡಿದರು? ಖರ್ಚು ಕಡಿಮೆ. ಹಗುರ ಹಳಿ ಸಾಕು, ಸಣ್ಣ ಸೇತುವೆ ಸಾಕು, ಕಲ್ಲುಗುಡ್ಡ ಅಡ್ಡ ಬಂದರೆ ಒಡೆಯದೆ ಬಳಸಿಕೊಂಡು ತಿರುಗಬಹುದು.

2. ಸ್ವಲ್ಪ ಇತಿಹಾಸ

ಮಾಲೂರಿನವರಿಗೆ ರೈಲು ಬಂದದ್ದು ಬಹಳ ಹಿಂದೆ. ಬೆಂಗಳೂರು ದಂಡಿನಿಂದ ಜೋಲಾರ್‌ಪೇಟೆಗೆ ಬ್ರಾಡ್‌ಗೇಜು ದಾರಿ 1864ರಲ್ಲಿ ತೆರೆಯಿತು. ಅದು ಮಾಲೂರು, ಬಂಗಾರಪೇಟೆ ಮೇಲೇ ಹೋಗುತ್ತದೆ. ಬಂಗಾರಪೇಟೆಯ ಆಗಿನ ಹೆಸರು ಬೌರಿಂಗ್‌ಪೇಟೆ. ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು ಅದು. 1890ರ ದಶಕದಲ್ಲಿ ಅಲ್ಲಿಂದ ಚಿನ್ನದ ಗಣಿಗೆ, ಅಂದರೆ ಮಾರಿಕುಪ್ಪಮ್‌ಗೆ, ಒಂದು ಕವಲು ಹಾಕಿದರು. ಜಿಲ್ಲೆಯ ಮುಖ್ಯ ಊರಾದ ಕೋಲಾರಕ್ಕೆ ಮಾತ್ರ ರೈಲಿರಲಿಲ್ಲ. 1913ರಲ್ಲಿ ಬಂಗಾರಪೇಟೆ–ಕೋಲಾರ ಚಿಕ್ಕ ರೈಲು ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಈ ಸಣ್ಣ ಹಳಿ ಶ್ರೀನಿವಾಸಪುರ, ಚಿಂತಾಮಣಿ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ಸೇರಿತು.

ಬಂಗಾರಪೇಟೆಯಲ್ಲಿ ಒಂದು ತೊಡಕಿತ್ತು. ಅಲ್ಲಿ ದೊಡ್ಡ ಹಳಿಯೂ ಇತ್ತು, ಸಣ್ಣ ಹಳಿಯೂ ಇತ್ತು. ಸಣ್ಣ ಗಾಡಿ ದೊಡ್ಡ ಹಳಿ ಮೇಲೆ ನಿಲ್ಲದು. ಹಾಗಾಗಿ ಕೋಲಾರದ ಕಡೆಯಿಂದ ಬಂದ ಮೂಟೆಯನ್ನೆಲ್ಲ ಇಳಿಸಿ, ಹೊತ್ತು, ದೊಡ್ಡ ವ್ಯಾಗನ್ನಿಗೆ ತುಂಬಬೇಕು. ಸರಕು ಹೆಚ್ಚಿದಷ್ಟೂ ಈ ಕೆಲಸದ ಹೊರೆಯೂ ಹೆಚ್ಚು. ಚಿಕ್ಕ ಹಳಿಗಳನ್ನು ದೇಶದಲ್ಲೆಲ್ಲ ಅಗಲ ಮಾಡಿದ್ದಕ್ಕೆ ಇದೇ ದೊಡ್ಡ ಕಾರಣ.

1990ರ ದಶಕದಲ್ಲಿ ಬಂಗಾರಪೇಟೆ–ಕೋಲಾರ ದಾರಿ ಬ್ರಾಡ್‌ಗೇಜಾಯಿತು. ಅದರ ಮೇಲೆ "ರೈಲು ಬಸ್ಸು" ಅನ್ನೋ ಒಂದೇ ಡಬ್ಬಿಯ ಗಾಡಿ ಹಲವು ವರ್ಷ ಓಡಿತು. ಕೋಲಾರ–ಚಿಕ್ಕಬಳ್ಳಾಪುರ ದಾರಿ ಅಗಲವಾಗಿ ಮತ್ತೆ ತೆರೆದದ್ದು 2013ರ ನವೆಂಬರಿನಲ್ಲಿ. ಅಲ್ಲಿಗೆ ಚಿಕ್ಕ ರೈಲಿನ ಕತೆ ಮುಗಿಯಿತು.

3. ಮಾದರಿ ರೈಲು ಅಂದರೇನು?

ಜಾತ್ರೆಯಲ್ಲಿ ಸಿಗುವ ಕೀಲಿ ರೈಲು ಆಟಿಕೆ. ಬೆಂಗಳೂರು ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಮಕ್ಕಳು ಕೂತು ಸುತ್ತುವ ಪುಟಾಣಿ ಎಕ್ಸ್‌ಪ್ರೆಸ್ ಸವಾರಿ ರೈಲು. ಇವೆರಡೂ ಮಾದರಿಯಲ್ಲ. ನಿಜವಾದ ರೈಲಿನ ಪ್ರತಿ ಭಾಗವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಮಾತ್ರ ಅದು ಮಾದರಿ. ಎಂಜಿನ್ ಐವತ್ತರಲ್ಲಿ ಒಂದು ಪಾಲಾದರೆ ಗೇಟೂ, ಸ್ಟೇಷನ್ನೂ, ಬೇವಿನ ಮರವೂ, ಕಾಯುತ್ತ ನಿಂತ ಅಜ್ಜಿಯೂ ಐವತ್ತರಲ್ಲಿ ಒಂದೇ ಪಾಲು ಆಗಬೇಕು.

ಲೋಕದಲ್ಲಿ ಇದು ದೊಡ್ಡ ಹವ್ಯಾಸ. ಜರ್ಮನಿಯ ಮೆರ್ಕ್ಲಿನ್ ಕಂಪನಿ 1891ರಲ್ಲೇ ಆಟದ ಹಳಿಗಳಿಗೆ ಗೊತ್ತಾದ ಅಳತೆಗಳನ್ನು ತಂದಿತು. ಇಂಗ್ಲೆಂಡಿನಲ್ಲಿ 1920ರಿಂದ ಹಾರ್ನ್‌ಬಿ ರೈಲು ಬಂತು. ಈಗ ಹೆಚ್ಚು ಬಳಕೆಯಲ್ಲಿರೋದು "ಎಚ್‌ಓ" ಅನ್ನೋ ಪ್ರಮಾಣ, ಅಂದರೆ 87ರಲ್ಲಿ ಒಂದು ಪಾಲು. ಪುಣೆಯ ಭಾವುಸಾಹೇಬ್ ಜೋಶಿ ಅನ್ನುವವರು ಜೀವಮಾನವೆಲ್ಲ ಇಂಥ ರೈಲು ಕೂಡಿಸಿ, ಮಾಡಿ, 1998ರಲ್ಲಿ ಅದಕ್ಕಾಗಿಯೇ ಒಂದು ಸಂಗ್ರಹಾಲಯ ತೆರೆದರು. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ಸಂಗ್ರಹಾಲಯದಲ್ಲಿ ಪೂರ್ಣ ಗಾತ್ರದ ಹಳೆ ಎಂಜಿನ್, ಡಬ್ಬಿಗಳಿವೆ. ಪ್ರವಾಸ ಹೋದಾಗ ತಪ್ಪದೆ ನೋಡಿ.

ಅಂಗಡಿಯ ಮಾದರಿ ರೈಲಿಗೆ ಸಾವಿರಾರು ರೂಪಾಯಿ ಆಗುತ್ತೆ. ನಮಗೆ ಅದು ಬೇಡ. ಕೋಲಾರದ ಚಿಕ್ಕ ರೈಲು ಯಾವ ಅಂಗಡಿಯಲ್ಲೂ ಡಬ್ಬಿಯಲ್ಲಿಟ್ಟು ಮಾರೋದೂ ಇಲ್ಲ. ನಾವೇ ಮಾಡಬೇಕು.

4. ಪ್ರಮಾಣ ಆರಿಸೋಣ

ಲೆಕ್ಕಕ್ಕೆ ಸುಲಭವಾಗಲಿ ಅಂತ 1:50 ತೆಗೆದುಕೊಳ್ಳೋಣ. ನಿಜದ 1 ಮೀಟರು ನಮಗೆ 2 ಸೆಂ.ಮೀ.

ಗೇಜು: 76.2 ÷ 50 = 1.5 ಸೆಂ.ಮೀ. (15 ಮಿ.ಮೀ.)
ಸ್ಲೀಪರಿನ ಉದ್ದ (5 ಅಡಿ): 152 ÷ 50 = 3 ಸೆಂ.ಮೀ.
ಸ್ಲೀಪರಿನ ಅಗಲ (7 ಅಂಗುಲ): 18 ÷ 50 = 3.6 ಮಿ.ಮೀ.

ಬೆಂಕಿಕಡ್ಡಿ ಸುಮಾರು 2 ಮಿ.ಮೀ. ದಪ್ಪ. ಎರಡು ಕಡ್ಡಿ ಜೋಡಿಸಿಟ್ಟು 3 ಸೆಂ.ಮೀ.ಗೆ ಕತ್ತರಿಸಿದರೆ ಸ್ಲೀಪರ್ ಸಿದ್ಧ. ಉರಿದು ಆರಿದ ಕಡ್ಡಿಯನ್ನೇ ತನ್ನಿ. ಮದ್ದು ಇರುವ ಕಡ್ಡಿ ಬೇಡ.

5. ಹಳಿ ಹಾಕುವುದು

ಬೇಕಾದ್ದು: 3 ಮೀಟರ್ ಉದ್ದದ ಹಲಗೆ (ಒಂದೂವರೆ ಮೀಟರಿನ ಎರಡು ಜೋಡಿಸಬಹುದು), 400 ಉರಿದ ಬೆಂಕಿಕಡ್ಡಿ, ಸೈಕಲ್ ಶಾಪಿನ ಹಳೇ ಚಕ್ರದ ಕಡ್ಡಿ 24, ಪಂಚರ್ ಸಲ್ಯೂಷನ್, ಮೈದಾ ಗೋಂದು, ಜರಡಿ ಹಿಡಿದ ಮರಳು, ರಟ್ಟು.

(ಅ) ಹಲಗೆ ಮೇಲೆ ಉದ್ದಕ್ಕೂ ನೇರ ಗೆರೆ ಎಳೆಯಿರಿ. ಒಂದೂವರೆ ಸೆಂ.ಮೀ.ಗೆ ಒಂದರಂತೆ ಸ್ಲೀಪರ್ ಅಂಟಿಸಿ. 300 ÷ 1.5 = 200 ಸ್ಲೀಪರ್. ಒಂದಕ್ಕೆ ಎರಡು ಕಡ್ಡಿ, ಅಲ್ಲಿಗೆ 400.

(ಆ) ಸೈಕಲ್ ಕಡ್ಡಿಯ ಬಾಗಿದ ತುದಿ, ಮರೆ ಇರುವ ತುದಿ ಎರಡನ್ನೂ ಶಾಪಿನಲ್ಲೇ ಕತ್ತರಿಸಿ, 25 ಸೆಂ.ಮೀ. ನೇರ ತುಂಡು ಮಾಡಿಸಿ. ಒಂದು ಬದಿಗೆ 12, ಇನ್ನೊಂದು ಬದಿಗೆ 12. ತುದಿಗಳನ್ನು ಉಜ್ಜಿ ನಯ ಮಾಡಿ.

(ಇ) ಕಡ್ಡಿಗೂ ಸ್ಲೀಪರಿಗೂ ಸಲ್ಯೂಷನ್ ಹಚ್ಚಿ, ಪಂಚರ್ ಹಾಕುವ ಅಣ್ಣ ಕಾಯುವಂತೆ ಸ್ವಲ್ಪ ಒಣಗಲು ಬಿಟ್ಟು, ಒತ್ತಿ ಕೂರಿಸಿ. ಮೇಲೆ ಭಾರದ ಪುಸ್ತಕ ಇಟ್ಟು ಒಂದು ರಾತ್ರಿ ಬಿಡಿ.

(ಈ) 15 ಮಿ.ಮೀ. ಅಗಲದ ಒಂದು ರಟ್ಟಿನ ತುಂಡು ಕತ್ತರಿಸಿಟ್ಟುಕೊಳ್ಳಿ. ಅದೇ ನಿಮ್ಮ ಗೇಜು. ಈ ತುದಿಯಿಂದ ಆ ತುದಿಗೆ ಹಳಿಗಳ ನಡುವೆ ಅದನ್ನು ಜಾರಿಸಿ. ಎಲ್ಲೂ ಸಿಕ್ಕಿಕೊಳ್ಳಬಾರದು, ಎಲ್ಲೂ ಸಡಿಲ ಆಗಬಾರದು. ಕಣ್ಣಳತೆ ನಂಬಬೇಡಿ. ಒಂದು ಮಿ.ಮೀ. ತಪ್ಪಿದರೂ ಗಾಡಿ ಅಲ್ಲೇ ಬೀಳುತ್ತೆ.

(ಉ) ಕೊನೆಗೆ ಸ್ಲೀಪರ್ ನಡುವೆ ಮರಳು ತುಂಬಿ. ಅದೇ ಜಲ್ಲಿ. ನಿಜದ ಹಳಿಯಲ್ಲಿ ಜಲ್ಲಿ ಭಾರ ಹರಡುತ್ತೆ, ಮಳೆನೀರು ಇಳಿದುಹೋಗಲು ಬಿಡುತ್ತೆ.

ಒಂದು ಪ್ರಶ್ನೆ: ಹಳೆ ರೈಲು "ಟಡಕ್ ಟಡಕ್" ಅಂತಿದ್ದದ್ದು ಯಾಕೆ? ಕಬ್ಬಿಣ ಬಿಸಿಲಿಗೆ ಹಿಗ್ಗುತ್ತೆ. 12 ಮೀಟರ್ ಹಳಿ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 4 ಮಿ.ಮೀ. ಉದ್ದವಾಗುತ್ತೆ. ಅದಕ್ಕೇ ಎರಡು ಹಳಿ ಸೇರುವ ಕಡೆ ಸಂದು ಬಿಡುತ್ತಿದ್ದರು. ಚಕ್ರ ಆ ಸಂದು ದಾಟುವ ಸದ್ದು ಅದು.

6. ಚಕ್ರ ಮತ್ತು ಡಬ್ಬಿ

ಟೈಲರ್ ಅಂಗಡಿಯಿಂದ 15 ಮಿ.ಮೀ. ಮತ್ತು 12 ಮಿ.ಮೀ. ಗುಂಡಿ ತನ್ನಿ. ದೊಡ್ಡ ಗುಂಡಿ ಒಳಗೆ, ಸಣ್ಣ ಗುಂಡಿ ಹೊರಗೆ ಬರುವಂತೆ ಎರಡನ್ನೂ ಅಂಟಿಸಿ. ಸಣ್ಣದು ಹಳಿ ಮೇಲೆ ಉರುಳುತ್ತೆ, ದೊಡ್ಡದರ ಅಂಚು ಹಳಿಯ ಒಳಮಗ್ಗುಲಲ್ಲಿ ಇಳಿದು ಗಾಡಿ ಜಾರದಂತೆ ತಡೆಯುತ್ತೆ. ಇಂಥ ಎರಡು ಚಕ್ರಗಳನ್ನು ಪೊರಕೆ ಕಡ್ಡಿಯ ಅಚ್ಚಿಗೆ ಸಿಕ್ಕಿಸಿ. ಎರಡೂ ಅಂಚುಗಳ ಹೊರಮೈ ನಡುವೆ 14 ಮಿ.ಮೀ. ಇರಲಿ. ಹಳಿ ಅಂತರ 15, ಚಕ್ರದ್ದು 14. ಒಂದೊಂದು ಕಡೆ ಅರ್ಧ ಮಿ.ಮೀ. ಸಡಿಲ ಇದ್ದರೇನೇ ಗಾಡಿ ಸಲೀಸಾಗಿ ಹೋಗೋದು. ಅಚ್ಚು ತಿರುಗಲಿಕ್ಕೆ ಖಾಲಿ ರೀಫಿಲ್ಲಿನ ತುಂಡು ಹಾಕಿ, ಅದನ್ನು ಡಬ್ಬಿಯ ತಳಕ್ಕೆ ಅಂಟಿಸಿ.

ಡಬ್ಬಿಗೆ ರಟ್ಟು ಸಾಕು. ನಿಜದ ಡಬ್ಬಿ 9 ಮೀಟರ್ ಉದ್ದ, 2 ಮೀಟರ್ ಅಗಲ ಎಂದುಕೊಂಡರೆ ನಮ್ಮದು 18 ಸೆಂ.ಮೀ., 4 ಸೆಂ.ಮೀ. ಒಳಗೆ ತಳದಲ್ಲಿ ಒಂದೆರಡು ಕಲ್ಲು ಅಂಟಿಸಿ. ಭಾರ ಕೆಳಗಿದ್ದರೆ ಗಾಡಿ ಉರುಳದು.

ನಿಜದ ಚಕ್ರದಲ್ಲಿ ಇನ್ನೊಂದು ಜಾಣತನ ಇದೆ. ಅದು ಚಪ್ಪಟೆಯಲ್ಲ, ಒಳಬದಿಗೆ ದಪ್ಪ, ಹೊರಬದಿಗೆ ಸಣ್ಣ. ಇದನ್ನು ನೋಡಬೇಕಾದರೆ ಎರಡು ಪೇಪರ್ ಟೀ ಲೋಟ ತೆಗೆದುಕೊಂಡು ಬಾಯಿಗೆ ಬಾಯಿ ಸೇರಿಸಿ ಟೇಪು ಹಾಕಿ. ಇನ್ನೆರಡಕ್ಕೆ ತಳಕ್ಕೆ ತಳ ಸೇರಿಸಿ ಹಾಕಿ. ಎರಡು ಕೋಲನ್ನು ಇಳಿಜಾರಾಗಿಟ್ಟು ಎರಡನ್ನೂ ಉರುಳಿಸಿ. ಬಾಯಿ ಸೇರಿಸಿದ್ದು ಪಕ್ಕಕ್ಕೆ ಸರಿದರೂ ತಾನೇ ನಡುವಿಗೆ ಬರುತ್ತೆ. ತಳ ಸೇರಿಸಿದ್ದು ಸರಿದರೆ ಬಿದ್ದೇಹೋಗುತ್ತೆ. ಯಾಕೆಂದರೆ ಮೊದಲನೆಯದರಲ್ಲಿ ಪಕ್ಕಕ್ಕೆ ಸರಿದ ಕಡೆ ದಪ್ಪ ಭಾಗ ಹಳಿ ಮೇಲೆ ಬಂದು ಹೆಚ್ಚು ದೂರ ಉರುಳಿ, ಜೋಡಿಯನ್ನು ನಡುವಿನ ಕಡೆಗೇ ತಿರುಗಿಸುತ್ತೆ. ತಿರುವಿನಲ್ಲಿ ರೈಲು ಸರಾಗವಾಗಿ ತಿರುಗಲು ಇದೇ ನೆರವು. ನಮ್ಮ ಹಳಿ ನೇರವಾದ್ದರಿಂದ ಚಪ್ಪಟೆ ಗುಂಡಿ ಸಾಕು.

7. ಓಡಿಸುವುದು: ಮೂರು ಪ್ರಮಾಣಗಳ ಲೆಕ್ಕ

ಅಂಗಡಿಯ ಮಾದರಿ ಎಂಜಿನ್ 12 ವೋಲ್ಟ್ ನೇರ ವಿದ್ಯುತ್ತಿನಲ್ಲಿ ಓಡುತ್ತೆ. ಒಂದು ಹಳಿಯಿಂದ ಕರೆಂಟು ಹತ್ತಿ ಇನ್ನೊಂದರಲ್ಲಿ ಇಳಿಯುತ್ತೆ. ತಂತಿ ಅದಲುಬದಲು ಮಾಡಿದರೆ ಹಿಂದಕ್ಕೆ ಹೋಗುತ್ತೆ. ನಾವು ಸದ್ಯಕ್ಕೆ ದಾರದಲ್ಲಿ ಎಳೆಯೋಣ. ಗೋಡೆಯ ಪ್ಲಗ್ಗಿನ ಕರೆಂಟನ್ನು ಹಳಿಗೆ ಕೊಡುವ ಯೋಚನೆಯನ್ನೂ ಮಾಡಬೇಡಿ, ಅದು ಪ್ರಾಣ ತೆಗೆಯುತ್ತೆ.

ಎಷ್ಟು ವೇಗದಲ್ಲಿ ಎಳೆಯಬೇಕು? ಚಿಕ್ಕ ರೈಲು ಗಂಟೆಗೆ 30 ಕಿ.ಮೀ. ಹೋಗುತ್ತಿತ್ತು ಎಂದುಕೊಳ್ಳೋಣ. ಅಂದರೆ ಸೆಕೆಂಡಿಗೆ 8.33 ಮೀಟರ್. ಐವತ್ತರಿಂದ ಭಾಗಿಸಿದರೆ ಸೆಕೆಂಡಿಗೆ 16.7 ಸೆಂ.ಮೀ. ನೀವು ಆಸೆಗೆ ಸೆಕೆಂಡಿಗೆ ಒಂದು ಮೀಟರ್ ಎಳೆದರೆ ಅದು ಗಂಟೆಗೆ 180 ಕಿ.ಮೀ. ಆಯಿತು! ನಮ್ಮ ತಾತಂದಿರು ಹತ್ತಿದ ಗಾಡಿ ಅದಲ್ಲ.

5.3 ಸೆಂ.ಮೀ. ಅಡ್ಡಳತೆಯ ಒಂದು ರಾಟೆ ಮಾಡಿ, ಹಿಡಿ ಕೂರಿಸಿ. ಅದರ ಸುತ್ತಳತೆ 5.3 × 3.14 = 16.6 ಸೆಂ.ಮೀ. ಸೆಕೆಂಡಿಗೆ ಸರಿಯಾಗಿ ಒಂದು ಸುತ್ತು ಸುತ್ತಿದರೆ ನಿಮ್ಮ ಗಾಡಿ 30 ಕಿ.ಮೀ. ವೇಗದಲ್ಲಿದೆ. ಎರಡು ತುದಿಗೂ ಒಂದೊಂದು ರಾಟೆ ಇರಲಿ. ಒಂದು ಬಂಗಾರಪೇಟೆ, ಇನ್ನೊಂದು ಕೋಲಾರ. ಒಬ್ಬರು ಸುತ್ತುವಾಗ ಇನ್ನೊಬ್ಬರು ಸಡಿಲ ಬಿಡಬೇಕು.

ಈಗ ಮುಖ್ಯವಾದ ಮಾತು. ಬಂಗಾರಪೇಟೆ–ಕೋಲಾರ ಸುಮಾರು 18 ಕಿ.ಮೀ. ಅದನ್ನು 50ರಿಂದ ಭಾಗಿಸಿದರೆ 360 ಮೀಟರ್. ಶಾಲೆಯಲ್ಲಿ ಹಿಡಿಯುವುದಿಲ್ಲ, ಊರಾಚೆ ಹೋಗಬೇಕಾಗುತ್ತೆ! ಆದ್ದರಿಂದ ಗಾಡಿ, ಸ್ಟೇಷನ್ ಎಲ್ಲ 1:50ರಲ್ಲೇ ಇರಲಿ. ದೂರವನ್ನು ಮಾತ್ರ 3 ಮೀಟರಿಗೆ ಕುಗ್ಗಿಸೋಣ. ಮಾದರಿ ಮಾಡುವವರೆಲ್ಲ ಹೀಗೇ ಮಾಡುತ್ತಾರೆ.

ದೂರದ ಪ್ರಮಾಣ: 18,000 ಮೀ. ÷ 3 ಮೀ. = 6,000.
ನಿಜದ ಪ್ರಯಾಣ: 30 ಕಿ.ಮೀ. ವೇಗದಲ್ಲಿ 18 ಕಿ.ಮೀ.ಗೆ 36 ನಿಮಿಷ.
ನಮ್ಮ ಪ್ರಯಾಣ: 300 ÷ 16.7 = 18 ಸೆಕೆಂಡ್.

36 ನಿಮಿಷಕ್ಕೆ 18 ಸೆಕೆಂಡ್. ಅಂದರೆ ನಮ್ಮ ಒಂದು ಸೆಕೆಂಡಿಗೆ ನಿಜದ ಎರಡು ನಿಮಿಷ! ಕಾಲದ ಪ್ರಮಾಣ 1:120. ಈಗ ನೋಡಿ: 6,000 ÷ 50 = 120. ದೂರದ ಪ್ರಮಾಣವನ್ನು ಗಾತ್ರದ ಪ್ರಮಾಣದಿಂದ ಭಾಗಿಸಿದರೆ ಕಾಲದ ಪ್ರಮಾಣ ತಾನಾಗಿ ಬಂತು. ಒಬ್ಬರು ಗಡಿಯಾರದವರಾಗಿ "8 ಗಂಟೆ, 8.02, 8.04..." ಅಂತ ಸೆಕೆಂಡಿಗೊಂದು ಕೂಗಲಿ. 8 ಗಂಟೆಗೆ ಬಂಗಾರಪೇಟೆ ಬಿಟ್ಟ ಗಾಡಿ 8.36ಕ್ಕೆ ಕೋಲಾರ ಸೇರಬೇಕು.

8. ಒಂದೇ ಹಳಿ, ಎರಡು ಗಾಡಿ

ಹಳಿ ಒಂದೇ ಇದ್ದಾಗ ಎರಡು ಕಡೆಯಿಂದ ಗಾಡಿ ಬಿಟ್ಟರೆ ಏನಾಗುತ್ತೆ? ಡಿಕ್ಕಿ. ಇದನ್ನು ತಡೆಯಲು ನಮ್ಮ ದೇಶದ ಒಂಟಿ ಹಳಿ ದಾರಿಗಳಲ್ಲಿ ಬಹುಕಾಲ "ಟೋಕನ್" ಪದ್ಧತಿ ನಡೆಯಿತು. ಎರಡು ಸ್ಟೇಷನ್ನಿನಲ್ಲೂ ಒಂದೊಂದು ಪೆಟ್ಟಿಗೆ ಯಂತ್ರ, ನಡುವೆ ತಂತಿ. ಮುಂದಿನ ಸ್ಟೇಷನ್ ಮಾಸ್ಟರ್ "ಲೈನ್ ಕ್ಲಿಯರ್" ಕೊಟ್ಟರೆ ಮಾತ್ರ ಯಂತ್ರದಿಂದ ಒಂದು ಲೋಹದ ಗುಂಡು ಹೊರಬರುತ್ತೆ. ಅದನ್ನು ಚರ್ಮದ ಚೀಲದಲ್ಲಿ ಹಾಕಿ, ದೊಡ್ಡ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಾರೆ. ಒಂದು ಗುಂಡು ಹೊರಗಿರುವಾಗ ಎರಡೂ ಕಡೆ ಇನ್ನೊಂದು ಬಾರದು. ಗುಂಡಿಲ್ಲದೆ ಡ್ರೈವರ್ ಹೊರಡುವ ಹಾಗಿಲ್ಲ.

ನಮ್ಮ ಆಟದಲ್ಲಿ ಒಂದು ಗೋಲಿಯೇ ಟೋಕನ್. ಗೋಲಿ ಕೋಲಾರದಲ್ಲಿದ್ದರೆ ಬಂಗಾರಪೇಟೆಯವರು ಎಷ್ಟೇ ಅವಸರವಿದ್ದರೂ ಕಾಯಬೇಕು. ನಿಮಗೆ ಬೇಜಾರಾಗಬಹುದು. ಆದರೆ ನಿಜದ ಗಾಡಿಯಲ್ಲಿ ನೂರಾರು ಜನರ ಜೀವ ಆ ಒಂದು ಗುಂಡಿನ ಮೇಲೆ ನಿಂತಿತ್ತು. ನಿಯಮ ಯಾಕೆ ಅಂತ ಆಗ ಗೊತ್ತಾಗುತ್ತೆ.

9. ಮಾದರಿ ಸುಳ್ಳು ಹೇಳಬಾರದು

ಗೇಜಿನ ಅಳತೆ ನಮಗೆ ಖಚಿತವಾಗಿ ಗೊತ್ತು. ಡಬ್ಬಿಯ ಉದ್ದ, ವೇಗ ನಾವು "ಎಂದುಕೊಂಡದ್ದು". ನೋಡುವವರಿಗೆ ಈ ವ್ಯತ್ಯಾಸ ಕಾಣಬೇಕು. ಹಾಗಾಗಿ ಒಂದು ನಿಯಮ ಇಟ್ಟುಕೊಳ್ಳೋಣ: ತಿಳಿದು ಮಾಡಿದ್ದಕ್ಕೆ ಬಣ್ಣ ಹಚ್ಚುವುದು, ಊಹಿಸಿ ಮಾಡಿದ್ದನ್ನು ಬರೀ ರಟ್ಟಾಗಿಯೇ ಬಿಡುವುದು. ಒಂದೊಂದು ವಿಷಯ ಗೊತ್ತಾದ ಹಾಗೆ ಬಣ್ಣ ಬರಲಿ.

ಗೊತ್ತಾಗುವುದು ಯಾರಿಂದ? ಆ ಗಾಡಿ ಹತ್ತಿದವರಿಂದ. ಅವರಿಗೆಲ್ಲ ವಯಸ್ಸಾಗುತ್ತಿದೆ. ಆದ್ದರಿಂದ ಹಳಿ ಒಣಗುವವರೆಗೆ ಕಾಯದೆ ಈ ಭಾನುವಾರವೇ ಕೇಳಿ:

– ಡಬ್ಬಿಗೆ ಯಾವ ಬಣ್ಣ? ಒಳಗೆ ಬೆಂಚು ಉದ್ದಕ್ಕಿತ್ತೋ ಅಡ್ಡಕ್ಕಿತ್ತೋ?
– ಒಂದು ಗಾಡಿಗೆ ಎಷ್ಟು ಡಬ್ಬಿ?
– ಎಂಜಿನ್ನಿಗೆ ನೀರು ತುಂಬುತ್ತಿದ್ದದ್ದು ಎಲ್ಲಿ?
– ಸ್ಟೇಷನ್ನಿನ ಎದುರಿಗೆ ಏನಿತ್ತು? ಮರ, ಬಾವಿ, ಹೋಟೆಲು?
– ನೀವು ಏನು ಹೊತ್ತುಕೊಂಡು ಹೋಗುತ್ತಿದ್ದಿರಿ?

ಅವರು ತೆಲುಗಿನಲ್ಲಿ ಹೇಳಿದರೆ ಅವರ ಮಾತನ್ನು ಹಾಗೇ ಬರೆದುಕೊಳ್ಳಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ, ಯಾರನ್ನೂ ತಿದ್ದಬೇಡಿ. ಮೂರನೆಯವರನ್ನು ಕೇಳಿ.

ಎಚ್ಚರಿಕೆ: ಅಳತೆ ತೆಗೆಯಲೆಂದು ಈಗಿನ ರೈಲು ಹಳಿ ಮೇಲೆ ಯಾರೂ ಹೋಗಕೂಡದು. ನಮಗೆ ಬೇಕಾದ ಗೇಜು ಅಲ್ಲಿ ಇಲ್ಲವೂ ಇಲ್ಲ.

10. ಮಾಡಿ ನೋಡಿ

(1) ಮಾಲೂರಿನ ಮುಂದೆ ಹೋಗುವ ಬ್ರಾಡ್‌ಗೇಜು ಹಳಿಯನ್ನು 1:50ರಲ್ಲಿ ಮಾಡಿದರೆ ಅಂತರ ಎಷ್ಟು? ನಮ್ಮ ಹಳಿಯ ಪಕ್ಕ ಇಟ್ಟು ಹೋಲಿಸಿ.

(2) ಎಚ್‌ಓ ಪ್ರಮಾಣದಲ್ಲಿ (1:87) ಚಿಕ್ಕ ರೈಲಿನ ಗೇಜು ಎಷ್ಟು ಮಿ.ಮೀ.?

(3) ಕೋಲಾರದಿಂದ ಶ್ರೀನಿವಾಸಪುರದ ಮೇಲೆ ಚಿಕ್ಕಬಳ್ಳಾಪುರಕ್ಕೆ ಸುಮಾರು 85 ಕಿ.ಮೀ. ಅದೇ 1:6,000ರಲ್ಲಿ ಹಲಗೆ ಎಷ್ಟು ಉದ್ದ ಬೇಕು? ನಮ್ಮ ಜಗುಲಿಯಲ್ಲಿ ಹಿಡಿಯುತ್ತದೆಯೇ?

(4) ಮುಳಬಾಗಿಲಿಗೆ ಇನ್ನೂ ರೈಲು ಬಂದಿಲ್ಲ. ಬರುವುದಾದರೆ ಎಲ್ಲಿ ಬರಬೇಕು ಅಂತ ನಕ್ಷೆ ಬರೆಯಿರಿ. ನೂರು ಮೀಟರಿಗೆ ಒಂದು ಮೀಟರ್‌ಗಿಂತ ಕಡಿದಾಗಿ ಏರಬಾರದು. 30 ಮೀಟರ್ ಎತ್ತರದ ದಿಣ್ಣೆ ಏರಲು ಎಷ್ಟು ಉದ್ದದ ದಾರಿ ಬೇಕು? ಬಂಡೆ ಬಂದರೆ ಒಡೆಯುತ್ತೀರೋ, ಬಳಸುತ್ತೀರೋ? ಯಾಕೆ? ನಕ್ಷೆಯ ಮೇಲೆ "ಇದು ನಮ್ಮ ಕಲ್ಪನೆ" ಅಂತ ಬರೆಯುವುದನ್ನು ಮರೆಯಬೇಡಿ.

ಉತ್ತರಗಳು: (1) 33.5 ಮಿ.ಮೀ. (2) 8.76, ಅಂದರೆ ಸುಮಾರು 9 ಮಿ.ಮೀ. (3) ಸುಮಾರು 14 ಮೀಟರ್ 17 ಸೆಂ.ಮೀ. ಜಗುಲಿ ಅಳೆದು ನೀವೇ ಹೇಳಿ. (4) 3 ಕಿ.ಮೀ. ಉಳಿದದ್ದಕ್ಕೆ ಒಂದೇ ಉತ್ತರವಿಲ್ಲ.

ಉರಿದ ಬೆಂಕಿಕಡ್ಡಿಗಳನ್ನು ವಿಜ್ಞಾನದ ಬೀರು ಪಕ್ಕದ ಡಬ್ಬದಲ್ಲಿ ಹಾಕಿ. ತಾತ ಅಜ್ಜಿಯರು ಹೇಳಿದ್ದನ್ನು ಬರೆದ ಚೀಟಿಗಳನ್ನು ಈ ಪತ್ರಿಕೆಯ ಕೆಳಗೆ ಗುಂಡುಸೂಜಿಯಿಂದ ಚುಚ್ಚಿ. ಚೀಟಿಯಲ್ಲಿ ಯಾವ ಊರು, ಯಾವ ಸ್ಟೇಷನ್, ಯಾವ ವರ್ಷದ ಮಾತು ಅಂತ ಇರಲಿ. ಹತ್ತು ಚೀಟಿ ಆದ ದಿನ ಮೊದಲ ಡಬ್ಬಿಗೆ ಬಣ್ಣ ಹಚ್ಚೋಣ.